ಸಣ್ಣ ಕಂಟೇನರ್ ಇಮೇಜ್‌ಗೆ ಟೂಲ್ ಸೇರಿಸುವಾಗ ಬರುವ ತೊಂದರೆಗಳು: ಎಲ್ಲಿ ಹುಡುಕಬೇಕು, ಹೇಗೆ ಸರಿಮಾಡಬೇಕು

ಕಂಟೇನರ್ ಇಮೇಜ್ ಅಂದರೆ ಒಂದು ಆ್ಯಪ್ ಓಡಲು ಬೇಕಾದ ಫೈಲ್‌ಗಳನ್ನೆಲ್ಲ ಸೇರಿಸಿ ಕಟ್ಟಿದ ಗಂಟು. ಡಾಕರ್ ಎಂಬ ಪ್ರೋಗ್ರಾಮ್ ಅದನ್ನು ಕಟ್ಟುತ್ತದೆ (ಬಿಲ್ಡ್), ಹೇಗೆ ಕಟ್ಟಬೇಕು ಎಂದು ಬರೆದಿಡುವ ಫೈಲ್ ಡಾಕರ್‌ಫೈಲ್. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಇಮೇಜ್‌ಗೆ ಕರ್ಲ್ (ವೆಬ್ ವಿಳಾಸದಿಂದ ಡೇಟಾ ತರುವ ಟೂಲ್) ಸೇರಿಸುವುದು ಡಾಕರ್‌ಫೈಲ್‌ನಲ್ಲಿ ಒಂದೇ ಸಾಲಿನ ಕೆಲಸ. ಆದರೆ ಎಷ್ಟೋ ಸಲ ಆ ಸಾಲಿನಲ್ಲೇ ಬಿಲ್ಡ್ ನಿಂತುಬಿಡುತ್ತದೆ. ಕೆಲವು ಸಲ ಬಿಲ್ಡ್ ಸಲೀಸಾಗಿ ಮುಗಿಯುತ್ತದೆ, ಟೂಲ್ ಮಾತ್ರ ಪ್ರೊಡಕ್ಷನ್‌ನಲ್ಲಿ ಕೈಕೊಡುತ್ತದೆ. ಎರಡನೆಯದು ಜಾಸ್ತಿ ಕಷ್ಟ. ಎರಡಕ್ಕೂ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂದು ಇಲ್ಲಿ ಬರೆದಿದ್ದೇನೆ.

ಆಲ್ಪೈನ್, ಡೆಬಿಯನ್ ಸ್ಲಿಮ್, ರೆಡ್ ಹ್ಯಾಟ್‌ನ ಯುಬಿಐ ಮಿನಿಮಲ್, ಗೂಗಲ್‌ನ ಡಿಸ್ಟ್ರೋಲೆಸ್ ಇವೆಲ್ಲ ಸಣ್ಣ ಇಮೇಜ್‌ಗಳೇ. ಆದರೆ ಒಂದೊಂದೂ ಬೇರೆ ಬೇರೆ ವಸ್ತು ಬಿಟ್ಟು ಸಣ್ಣದಾಗಿದೆ. ದೊಡ್ಡ ಲಿನಕ್ಸ್ ಸಿಸ್ಟಮ್‌ನಲ್ಲಿ ಒಂದು ಟೂಲ್ ಹಾಕಿದಾಗ ಅದಕ್ಕೆ ಬೇಕಾದ ಲೈಬ್ರರಿ, ಸರ್ಟಿಫಿಕೇಟ್, ಟೈಮ್‌ಝೋನ್ ಫೈಲ್, ಫಾಂಟ್ ಎಲ್ಲ ಮೊದಲೇ ಇರುತ್ತವೆ. ನಾವು ಅವುಗಳನ್ನು ಗಮನಿಸುವುದೂ ಇಲ್ಲ. ಸಣ್ಣ ಇಮೇಜ್‌ನಲ್ಲಿ ಅವು ಇರುವುದಿಲ್ಲ. ಹಾಗಾಗಿ "ಟೂಲ್ ಇದೆಯಾ?" ಎಂದು ಕೇಳಿದರೆ ಸಾಲದು. "ಈ ಟೂಲ್ ಯಾವುದನ್ನು ನಂಬಿಕೊಂಡಿದೆ, ಅದು ಇಲ್ಲಿ ಇದೆಯಾ?" ಎಂದು ಕೇಳಿ. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ಪ್ರಶ್ನೆಗೇ ಬಂದು ನಿಲ್ಲುತ್ತವೆ.

ಮೊದಲು ಎರರ್ ಪೂರ್ತಿ ಓದಿ

ಡಾಕರ್ 23.0 ರಿಂದ ಇಮೇಜ್ ಕಟ್ಟುವ ಕೆಲಸಕ್ಕೆ ಬಿಲ್ಡ್‌ಕಿಟ್ ಎಂಬ ಭಾಗ ಡಿಫಾಲ್ಟ್ ಆಗಿದೆ. ಅದು ಬಿಲ್ಡ್ ನಡೆಯುವಾಗ ಔಟ್‌ಪುಟ್ ಮಡಚಿ ತೋರಿಸುತ್ತದೆ. ನಿಜವಾದ ಎರರ್ ಮೇಲೆಲ್ಲೋ ಉಳಿದು, ಕೊನೆಯ ಸಾಲಿನ ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ) ಮಾತ್ರ ಕಣ್ಣಿಗೆ ಬೀಳುತ್ತದೆ. ಬಿಲ್ಡ್ ಕಮಾಂಡ್‌ಗೆ --ಪ್ರೋಗ್ರೆಸ್=ಪ್ಲೇನ್ ಮತ್ತು --ನೋ-ಕ್ಯಾಶ್ ಸೇರಿಸಿ ಮತ್ತೆ ಓಡಿಸಿ. ಆಗ ಎಲ್ಲ ಸಾಲುಗಳೂ ಕಾಣುತ್ತವೆ, ಹಳೆಯ ಲೇಯರ್ (ಡಾಕರ್‌ಫೈಲ್‌ನ ಒಂದು ಸಾಲಿನಿಂದ ಆದ ಫೈಲ್‌ಗಳ ಪದರ) ದಾರಿ ತಪ್ಪಿಸುವುದೂ ತಪ್ಪುತ್ತದೆ.

ಆಮೇಲೆ ಡಾಕರ್‌ಫೈಲ್ ಬದಿಗಿಡಿ. ಬೇಸ್ ಇಮೇಜ್ (ನೀವು ಆಧಾರವಾಗಿ ಬಳಸಿದ ಇಮೇಜ್) ಅನ್ನು ನೇರವಾಗಿ ಶೆಲ್ ಜೊತೆ ಓಡಿಸಿ, ಎಂಟ್ರಿಪಾಯಿಂಟ್ (ಕಂಟೇನರ್ ಶುರುವಾದಾಗ ಓಡುವ ಕಮಾಂಡ್) ಬದಲಿಗೆ ಎಸ್‌ಎಚ್ ಕೊಟ್ಟು ಒಳಗೆ ಹೋಗಿ. ಅಲ್ಲಿ /ಎಟಿಸಿ/ಓಎಸ್-ರಿಲೀಸ್ ಫೈಲ್ ನೋಡಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಬಿಡಬೇಡಿ. ಪೈಥಾನ್ ಇಮೇಜ್‌ನ ಟ್ಯಾಗ್‌ನಲ್ಲಿ (ಆವೃತ್ತಿಯ ಹೆಸರಿನಲ್ಲಿ) ಸ್ಲಿಮ್ ಎಂದಿದ್ದರೆ ಒಳಗೆ ಡೆಬಿಯನ್ ಇರುತ್ತದೆ, ಆಲ್ಪೈನ್ ಎಂದಿದ್ದರೆ ಆಲ್ಪೈನ್. ಪ್ಯಾಕೇಜ್ ಹಾಕುವ ಕಮಾಂಡ್ ಡೆಬಿಯನ್‌ಗೆ ಎಪಿಟಿ-ಗೆಟ್, ಆಲ್ಪೈನ್‌ಗೆ ಎಪಿಕೆ, ಯುಬಿಐ ಮಿನಿಮಲ್‌ಗೆ ಮೈಕ್ರೋಡಿಎನ್ಎಫ್. ಒಂದು ಕಡೆಯ ಡಾಕರ್‌ಫೈಲ್‌ನ ಸಾಲು ಇನ್ನೊಂದು ಕಡೆ ಹಾಕಿದಾಗ ಬರುವ "ಎಪಿಟಿ-ಗೆಟ್: ನಾಟ್ ಫೌಂಡ್" ಎರರ್‌ಗೆ ಬೇರೆ ಕಾರಣ ಇರುವುದಿಲ್ಲ.

ಎಕ್ಸಿಟ್ ಕೋಡ್ ಕೂಡ ದಾರಿ ತೋರಿಸುತ್ತದೆ. 127 ಅಂದರೆ ಕಮಾಂಡ್ ಸಿಗಲಿಲ್ಲ. 126 ಅಂದರೆ ಫೈಲ್ ಸಿಕ್ಕಿತು, ಆದರೆ ಓಡಿಸಲು ಆಗಲಿಲ್ಲ. ಡಾಕರ್ ರನ್ 125 ಕೊಟ್ಟರೆ ತೊಂದರೆ ಡಾಕರ್‌ನಲ್ಲೇ ಇದೆ, ನಿಮ್ಮ ಟೂಲ್ ಇನ್ನೂ ಓಡಲು ಶುರುಮಾಡಿಯೇ ಇಲ್ಲ.

ಪ್ಯಾಕೇಜ್ ಸಿಗುತ್ತಿಲ್ಲ

ಡೆಬಿಯನ್‌ನಲ್ಲಿ "ಅನೇಬಲ್ ಟು ಲೊಕೇಟ್ ಪ್ಯಾಕೇಜ್" ಬಂದರೆ ಮೊದಲ ಅನುಮಾನ ಪ್ಯಾಕೇಜ್ ಪಟ್ಟಿಯ ಮೇಲೆ ಇರಲಿ. ಅಧಿಕೃತ ಡೆಬಿಯನ್ ಇಮೇಜ್‌ನಲ್ಲಿ ಆ ಪಟ್ಟಿ ಇಡುವ ಫೋಲ್ಡರ್ ಖಾಲಿ ಇರುತ್ತದೆ. ಜಾಗ ಉಳಿಸಲು ಬೇಕೆಂದೇ ಖಾಲಿ ಮಾಡಿದ್ದಾರೆ. ಎಪಿಟಿ-ಗೆಟ್ ಅಪ್‌ಡೇಟ್ ಮಾಡದೆ ಇನ್‌ಸ್ಟಾಲ್ ಮಾಡಲು ಹೋದರೆ ಅದಕ್ಕೆ ಯಾವ ಪ್ಯಾಕೇಜ್‌ನ ಹೆಸರೂ ಗೊತ್ತಿರುವುದಿಲ್ಲ.

ಅಪ್‌ಡೇಟ್ ಅನ್ನು ಡಾಕರ್‌ಫೈಲ್‌ನ ಒಂದು ರನ್ ಸಾಲಿನಲ್ಲಿ (ಬಿಲ್ಡ್ ಹೊತ್ತಿಗೆ ಕಮಾಂಡ್ ಓಡಿಸುವ ಸಾಲು), ಇನ್‌ಸ್ಟಾಲ್ ಅನ್ನು ಇನ್ನೊಂದು ಸಾಲಿನಲ್ಲಿ ಬರೆದರೆ ಬೇರೆ ತೊಂದರೆ. ಅಪ್‌ಡೇಟ್‌ನ ಲೇಯರ್ ಕ್ಯಾಶ್‌ನಲ್ಲಿ ಕೂರುತ್ತದೆ. ಕೆಲವು ವಾರ ಬಿಟ್ಟು ಇನ್‌ಸ್ಟಾಲ್ ಸಾಲಿಗೆ ಹೊಸ ಟೂಲ್ ಸೇರಿಸಿದರೆ, ಡಾಕರ್ ಹಳೆಯ ಪಟ್ಟಿಯನ್ನೇ ಬಳಸುತ್ತದೆ. ಆ ಪಟ್ಟಿಯಲ್ಲಿರುವ ಆವೃತ್ತಿ ಸರ್ವರ್‌ನಲ್ಲಿ ಈಗ ಇರುವುದಿಲ್ಲ, ಡೆಬ್ ಫೈಲ್‌ಗೆ 404 ಬರುತ್ತದೆ. ನಿಮ್ಮ ಮೆಷಿನ್‌ನಲ್ಲಿ ಕೆಟ್ಟ ಬಿಲ್ಡ್ ಸಹೋದ್ಯೋಗಿಯ ಹೊಸ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆದರೆ ಇದೇ ಕಾರಣ ಇರುವ ಸಾಧ್ಯತೆ ಜಾಸ್ತಿ. ಎರಡನ್ನೂ ಒಂದೇ ರನ್ ಸಾಲಿನಲ್ಲಿ ಬರೆಯಿರಿ.

ಆಲ್ಪೈನ್‌ನಲ್ಲಿ "ನೋ ಸಚ್ ಪ್ಯಾಕೇಜ್" ಬಂದರೆ ಹೆಸರು ನೋಡಿ. ಅಲ್ಲಿ ಹೆಸರುಗಳೇ ಬೇರೆ. ಡಿಗ್ ಬೇಕಿದ್ದರೆ ಬೈಂಡ್-ಟೂಲ್ಸ್, ಯೂಸರ್‌ಆ್ಯಡ್ ಬೇಕಿದ್ದರೆ ಶ್ಯಾಡೋ, ಡೆಬಿಯನ್‌ನ ಬಿಲ್ಡ್-ಎಸೆನ್ಷಿಯಲ್ ಬದಲಿಗೆ ಬಿಲ್ಡ್-ಬೇಸ್. ಹೆಸರು ಸರಿ ಇದ್ದರೂ ಸಿಗದಿದ್ದರೆ /ಎಟಿಸಿ/ಎಪಿಕೆ/ರೆಪಾಸಿಟರೀಸ್ ಫೈಲ್‌ನಲ್ಲಿ ಮೇನ್ ಜೊತೆಗೆ ಕಮ್ಯೂನಿಟಿ ಸಾಲೂ ಇದೆಯಾ ನೋಡಿ. ಆಲ್ಪೈನ್‌ನ ಬೆಳವಣಿಗೆಯ ಹಂತದ ಆವೃತ್ತಿಯಾದ ಎಡ್ಜ್‌ನ ಟೆಸ್ಟಿಂಗ್ ರೆಪಾಸಿಟರಿಯಲ್ಲಿ ಮಾತ್ರ ಸಿಗುವ ಪ್ಯಾಕೇಜ್‌ಗಾಗಿ ಸ್ಟೇಬಲ್ ಇಮೇಜ್‌ಗೆ ಎಡ್ಜ್‌ನ ಸಾಲು ಸೇರಿಸುವವರು ತುಂಬಾ ಜನ. ಅದು ಬೇಡ. ಎಡ್ಜ್‌ನ ಒಂದು ಪ್ಯಾಕೇಜ್ ಎಡ್ಜ್‌ನ ಹೊಸ ಲೈಬ್ರರಿಗಳನ್ನೂ ಎಳೆದು ತರುತ್ತದೆ. ಇವತ್ತು ನಡೆದ ಬಿಲ್ಡ್ ಮುಂದಿನ ತಿಂಗಳು ನಡೆಯುವ ಖಾತ್ರಿ ಇರುವುದಿಲ್ಲ.

ಆವೃತ್ತಿ ಪಿನ್ ಮಾಡಿದವರಿಗೆ (ಇದೇ ಆವೃತ್ತಿ ಬೇಕು ಎಂದು ಬರೆದವರಿಗೆ) ಆಲ್ಪೈನ್‌ನಲ್ಲಿ ಇನ್ನೊಂದು ಪೆಟ್ಟು ಬೀಳುತ್ತದೆ. ಆಲ್ಪೈನ್‌ನ ಒಂದು ಬ್ರಾಂಚ್‌ನಲ್ಲಿ ಪ್ರತಿ ಪ್ಯಾಕೇಜ್‌ನ ಇತ್ತೀಚಿನ ಆವೃತ್ತಿ ಮಾತ್ರ ಇರುತ್ತದೆ. ಸೆಕ್ಯುರಿಟಿ ಫಿಕ್ಸ್ ಬಂದ ಕೂಡಲೇ ಹಳೆಯದನ್ನು ತೆಗೆಯುತ್ತಾರೆ. ಆವೃತ್ತಿಯ ಕೊನೆಯಲ್ಲಿ ಬರುವ ಆರ್0, ಆರ್1 ತನಕ ಪಿನ್ ಮಾಡಿದ ಸಾಲು ಅವತ್ತೇ ಮುರಿಯುತ್ತದೆ. ಅಷ್ಟು ಬಿಗಿಯಾಗಿ ಪಿನ್ ಮಾಡಲೇಬೇಕಿದ್ದರೆ ಪ್ಯಾಕೇಜ್‌ಗಳನ್ನು ನಿಮ್ಮದೇ ಮಿರರ್‌ನಲ್ಲಿ ಇಟ್ಟುಕೊಳ್ಳಿ.

ಬೇಸ್ ಇಮೇಜ್‌ನ ವಯಸ್ಸನ್ನೂ ನೋಡಿ. ಡೆಬಿಯನ್ 10 ರ ದೀರ್ಘಾವಧಿ ಬೆಂಬಲ 2024 ರ ಜೂನ್‌ನಲ್ಲಿ ಮುಗಿಯಿತು. ಸೆಂಟ್ಓಎಸ್ 7 ಕೂಡ ಅದೇ ತಿಂಗಳು ಮುಗಿಯಿತು. ಸೆಂಟ್ಓಎಸ್ 8 ಮುಗಿದದ್ದು 2021 ರ ಕೊನೆಗೆ. ಇಂಥ ಇಮೇಜ್‌ಗಳಲ್ಲಿ ಪ್ಯಾಕೇಜ್ ವಿಳಾಸವೇ ಸತ್ತಿರುತ್ತದೆ. ಡೆಬಿಯನ್‌ಗೆ ಆರ್ಕೈವ್ ಸರ್ವರ್, ಸೆಂಟ್ಓಎಸ್‌ಗೆ ವಾಲ್ಟ್ ಸರ್ವರ್ ತೋರಿಸಿದರೆ ತಾತ್ಕಾಲಿಕವಾಗಿ ನಡೆಯುತ್ತದೆ. ಆದರೆ ಅಲ್ಲಿಗೆ ಹೊಸ ಫಿಕ್ಸ್ ಬರುವುದಿಲ್ಲ. ಬೇಸ್ ಇಮೇಜ್ ಬದಲಿಸಲು ದಿನ ಗೊತ್ತುಮಾಡಿ.

ಯುಬಿಐ 9 ಮಿನಿಮಲ್‌ನಲ್ಲಿ ಕರ್ಲ್ ಹಾಕಲು ಹೋದರೆ ಕಾನ್‌ಫ್ಲಿಕ್ಟ್ ಎರರ್ ಬರುತ್ತದೆ. ಅಲ್ಲಿ ಕರ್ಲ್-ಮಿನಿಮಲ್ ಎಂಬ ಪ್ಯಾಕೇಜ್ ಮೊದಲೇ ಇದೆ, ಕರ್ಲ್ ಕಮಾಂಡ್ ಕೂಡ ಇದೆ. ಸಾಮಾನ್ಯ ಎಚ್‌ಟಿಟಿಪಿಎಸ್ ಕೆಲಸಕ್ಕೆ ಅದೇ ಸಾಕು. ಆ ಸಾಲು ಅಳಿಸಿಬಿಡಿ.

ನೆಟ್‌ವರ್ಕ್ ಎರರ್

ಎಪಿಕೆ "ಟೆಂಪರರಿ ಎರರ್, ಟ್ರೈ ಅಗೇನ್ ಲೇಟರ್" ಎಂದರೆ ಸಾಮಾನ್ಯವಾಗಿ ಡಿಎನ್ಎಸ್ (ಹೆಸರಿನಿಂದ ಸರ್ವರ್ ವಿಳಾಸ ಹುಡುಕುವ ಸೇವೆ) ಸಿಗುತ್ತಿಲ್ಲ ಎಂದು ಅರ್ಥ. ಅದು ಹೇಳಿದಂತೆ ಸುಮ್ನೆ ಆಮೇಲೆ ಮತ್ತೆ ಓಡಿಸಿದರೆ ಹೆಚ್ಚಿನ ಸಲ ಏನೂ ಬದಲಾಗುವುದಿಲ್ಲ. ಬಿಲ್ಡ್‌ಗೆ --ನೆಟ್‌ವರ್ಕ್=ಹೋಸ್ಟ್ ಕೊಟ್ಟು ಒಮ್ಮೆ ಓಡಿಸಿ. ಆಗ ನಡೆದರೆ ತೊಂದರೆ ಡಾಕರ್‌ನ ಬ್ರಿಡ್ಜ್ ನೆಟ್‌ವರ್ಕ್‌ನಲ್ಲಿ, ಅಥವಾ ವಿಪಿಎನ್ ಡಿಎನ್ಎಸ್ ಬದಲಿಸುವ ರೀತಿಯಲ್ಲಿ ಇದೆ. ಆಗಲೂ ನಡೆಯದಿದ್ದರೆ ಕಂಪನಿಯ ಪ್ರಾಕ್ಸಿ ಕಡೆ ನೋಡಿ. ಎಚ್‌ಟಿಟಿಪಿ ಪ್ರಾಕ್ಸಿ, ಎಚ್‌ಟಿಟಿಪಿಎಸ್ ಪ್ರಾಕ್ಸಿ ವೇರಿಯಬಲ್‌ಗಳನ್ನು ಬಿಲ್ಡ್ ಆರ್ಗ್ಯುಮೆಂಟ್ ಆಗಿ ಕೊಡಿ. ಇವು ಡಾಕರ್‌ಗೆ ಮೊದಲೇ ಗೊತ್ತಿರುವ ಹೆಸರುಗಳು, ಡಾಕರ್‌ಫೈಲ್‌ನಲ್ಲಿ ಬರೆಯಬೇಕಿಲ್ಲ. ಇಮೇಜ್‌ನ ಹಿಸ್ಟರಿಯಲ್ಲೂ ಉಳಿಯುವುದಿಲ್ಲ. ಡಾಕರ್‌ಫೈಲ್‌ನ ಎನ್ವಿ ಸಾಲಿನಲ್ಲಿ ಬರೆದರೆ ಮಾತ್ರ ಪ್ರಾಕ್ಸಿ ವಿಳಾಸ ಇಮೇಜ್ ಜೊತೆಗೇ ಪ್ರೊಡಕ್ಷನ್‌ಗೆ ಹೋಗುತ್ತದೆ.

ಟ್ರಾಫಿಕ್ ಬಿಚ್ಚಿ ನೋಡುವ ಪ್ರಾಕ್ಸಿ ಇದ್ದ ಕಡೆ ಒಂದು ವಿಚಿತ್ರ ಕಾಣುತ್ತದೆ. ಡೆಬಿಯನ್‌ನಲ್ಲಿ ಎಪಿಟಿ ನಡೆಯುತ್ತದೆ, ಕರ್ಲ್ ನಡೆಯುವುದಿಲ್ಲ. ಡೆಬಿಯನ್ ಇಮೇಜ್‌ನ ಎಪಿಟಿ ಡಿಫಾಲ್ಟ್ ಆಗಿ ಎಚ್‌ಟಿಟಿಪಿ ಬಳಸುತ್ತದೆ, ಪ್ಯಾಕೇಜ್ ಸಾಚಾ ಹೌದೋ ಅಲ್ಲವೋ ಎಂದು ಸಹಿಯಿಂದ ನೋಡುತ್ತದೆ. ಎಚ್‌ಟಿಟಿಪಿಎಸ್ ಬಳಸುವ ಕರ್ಲ್‌ಗೆ ಕಂಪನಿಯ ರೂಟ್ ಸರ್ಟಿಫಿಕೇಟ್ ಬೇಕು. ಆಲ್ಪೈನ್‌ನಲ್ಲಿ ಎಪಿಕೆಗೇ ಅದು ಬೇಕಾಗುತ್ತದೆ. ಆಗ ಸರ್ಟಿಫಿಕೇಟ್ ಸೇರಿಸುವ ಪ್ಯಾಕೇಜ್ ಇಳಿಸಿಕೊಳ್ಳಲೂ ಸರ್ಟಿಫಿಕೇಟ್ ಬೇಕು ಅನ್ನುವ ಗಂಟು ಬೀಳುತ್ತದೆ. ಬಿಡಿಸುವ ದಾರಿ ಸುಲಭ: ಇಮೇಜ್‌ನಲ್ಲಿ ಮೊದಲೇ ಇರುವ ಸರ್ಟಿಫಿಕೇಟ್ ಬಂಡಲ್ ಫೈಲ್‌ನ ಕೊನೆಗೆ ನಿಮ್ಮ ಕಂಪನಿಯ ಸರ್ಟಿಫಿಕೇಟ್ ಅಂಟಿಸಿ, ಆಮೇಲೆ ಎಪಿಕೆ ಓಡಿಸಿ.

ಹಳೆಯ 32-ಬಿಟ್ ರಾಸ್ಪ್‌ಬೆರಿ ಪೈ ಮೇಲೆ ಆಲ್ಪೈನ್ 3.13 ಅಥವಾ ಆಮೇಲಿನದ್ದು ಓಡಿಸುವವರು ಹೋಸ್ಟ್ ಕಡೆ ನೋಡಬೇಕು. 3.13 ರಲ್ಲಿ ಮಸಲ್ (ಆಲ್ಪೈನ್‌ನ ಮೂಲ ಸಿ ಲೈಬ್ರರಿ) 1.2 ಬಂತು, 32-ಬಿಟ್‌ನಲ್ಲಿ ಸಮಯವನ್ನು 64 ಬಿಟ್‌ನಲ್ಲಿ ಲೆಕ್ಕ ಇಡುವ ಹೊಸ ಸಿಸ್ಟಮ್ ಕಾಲ್‌ಗಳು (ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳು) ಬಂದವು. ಹೋಸ್ಟ್‌ನ ಡಾಕರ್ 19.03.9 ಕ್ಕಿಂತ ಹಳೆಯದಾಗಿದ್ದರೆ, ಅಥವಾ ಸಿಸ್ಟಮ್ ಕಾಲ್‌ಗಳನ್ನು ಸೋಸುವ ಲಿಬ್‌ಸೆಕ್‌ಕಾಂಪ್ 2.4.2 ಕ್ಕಿಂತ ಹಳೆಯದಾಗಿದ್ದರೆ, ಅದು ಆ ಕಾಲ್‌ಗಳನ್ನು ತಡೆಯುತ್ತದೆ. ಕಂಟೇನರ್ ಒಳಗೆ ಗಡಿಯಾರವೇ ತಪ್ಪು ತೋರಿಸಿ, ಎಪಿಕೆ ಅರ್ಥವಿಲ್ಲದ ಎರರ್ ಕೊಡುತ್ತದೆ. ಒಳಗೆ ಡೇಟ್ ಕಮಾಂಡ್ ಓಡಿಸಿ ನೋಡಿದರೆ ಗೊತ್ತಾಗುತ್ತದೆ.

ಫೈಲ್ ಕಣ್ಣೆದುರೇ ಇದೆ, ಆದರೂ "ನೋ ಸಚ್ ಫೈಲ್ ಆರ್ ಡೈರೆಕ್ಟರಿ"

ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ಜನ ಗಂಟೆಗಟ್ಟಲೆ ಕಳೆದುಕೊಳ್ಳುವುದು ಇಲ್ಲಿಯೇ.

ವೆಬ್‌ಸೈಟ್‌ನಿಂದ ಒಂದು ಬೈನರಿ (ಕಟ್ಟಿ ಸಿದ್ಧವಾದ ಪ್ರೋಗ್ರಾಮ್ ಫೈಲ್) ಇಳಿಸಿ ಆಲ್ಪೈನ್ ಇಮೇಜ್‌ಗೆ ಕಾಪಿ ಮಾಡಿದ್ದೀರಿ. ಎಲ್ಎಸ್ ಹಾಕಿದರೆ ಫೈಲ್ ಕಾಣುತ್ತದೆ, ಎಕ್ಸಿಕ್ಯೂಟ್ ಪರ್ಮಿಷನ್ ಇದೆ. ಓಡಿಸಿದರೆ "ನಾಟ್ ಫೌಂಡ್". ಎಂಟ್ರಿಪಾಯಿಂಟ್ ಆಗಿ ಕೊಟ್ಟರೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ". ಇಲ್ಲ ಎಂದು ಕರ್ನಲ್ ಹೇಳುತ್ತಿರುವುದು ಆ ಬೈನರಿಯ ಬಗ್ಗೆ ಅಲ್ಲ, ಅದನ್ನು ಮೆಮೊರಿಗೆ ತರುವ ಲೋಡರ್ ಬಗ್ಗೆ. ಡೈನಾಮಿಕ್ ಆಗಿ ಲಿಂಕ್ ಆದ (ಓಡುವಾಗ ಹೊರಗಿನ ಲೈಬ್ರರಿ ಬಳಸುವ) ಪ್ರತಿ ಬೈನರಿಯ ಒಳಗೆ ತನ್ನ ಲೋಡರ್‌ನ ಪೂರ್ತಿ ವಿಳಾಸ ಬರೆದಿರುತ್ತದೆ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್‌ಗಳಲ್ಲಿ 64-ಬಿಟ್ ಇಂಟೆಲ್‌ಗೆ ಕಟ್ಟಿದ ಬೈನರಿ /ಲಿಬ್64 ಒಳಗಿನ ಎಲ್‌ಡಿ-ಲಿನಕ್ಸ್ ಫೈಲ್ ಹುಡುಕುತ್ತದೆ. ಅದು ಆ ಸಿಸ್ಟಮ್‌ಗಳ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಲೋಡರ್. ಆಲ್ಪೈನ್‌ನಲ್ಲಿ ಜಿಲಿಬ್‌ಸಿ ಇಲ್ಲ, ಮಸಲ್ ಇದೆ. ಅದರ ಲೋಡರ್‌ನ ಹೆಸರೂ ಜಾಗವೂ ಬೇರೆ.

ಖಚಿತ ಮಾಡಿಕೊಳ್ಳಲು ಬೈನರಿಯ ಮೇಲೆ ಎಲ್‌ಡಿಡಿ ಓಡಿಸಿ. ಮಸಲ್‌ನ ಎಲ್‌ಡಿಡಿ ಯಾವ ಲೈಬ್ರರಿ ಸಿಗಲಿಲ್ಲ ಎಂದು ಹೆಸರು ಹೇಳುತ್ತದೆ. ರೀಡ್‌ಎಲ್ಫ್ ಇದ್ದರೆ ಅದು "ರಿಕ್ವೆಸ್ಟಿಂಗ್ ಪ್ರೋಗ್ರಾಮ್ ಇಂಟರ್‌ಪ್ರಿಟರ್" ಎಂಬ ಸಾಲಿನಲ್ಲಿ ಲೋಡರ್‌ನ ವಿಳಾಸ ತೋರಿಸುತ್ತದೆ. ಆಲ್ಪೈನ್‌ನಲ್ಲಿ ರೀಡ್‌ಎಲ್ಫ್, ಫೈಲ್ ಕಮಾಂಡ್ ಎರಡೂ ಇರುವುದಿಲ್ಲ. ಅದಕ್ಕಾಗಿ ಇಮೇಜ್‌ಗೆ ಇನ್ನಷ್ಟು ಟೂಲ್ ತುಂಬುವುದು ಬೇಡ. ಡಾಕರ್ ಸಿಪಿ ಬಳಸಿ ಬೈನರಿಯನ್ನು ಹೋಸ್ಟ್‌ಗೆ ತಂದು ಅಲ್ಲಿ ಪರೀಕ್ಷೆ ಮಾಡಿ.

ಪರಿಹಾರ ಟೂಲ್ ಯಾವುದು ಅನ್ನುವುದರ ಮೇಲೆ ನಿಂತಿದೆ. ಆಲ್ಪೈನ್‌ನಲ್ಲೇ ಪ್ಯಾಕೇಜ್ ಇದ್ದರೆ ಅದನ್ನೇ ಹಾಕಿ. ಗೋ ಭಾಷೆಯ ಪ್ರೋಗ್ರಾಮ್ ನೀವೇ ಕಟ್ಟುತ್ತಿದ್ದರೆ ಸಿಗೋ (ಸಿ ಲೈಬ್ರರಿ ಬಳಸುವ ಸೌಲಭ್ಯ) ಆಫ್ ಮಾಡಿ ಸ್ಟ್ಯಾಟಿಕ್ ಬೈನರಿ (ಬೇಕಾದದ್ದೆಲ್ಲ ಒಳಗೇ ಇರುವುದು) ಮಾಡಿ. ರಸ್ಟ್‌ಗೆ ಮಸಲ್ ಟಾರ್ಗೆಟ್ ಇದೆ. ಬೇರೆಯವರು ಕಟ್ಟಿದ ಬೈನರಿ ಆದರೆ ಅವರ ಬಿಡುಗಡೆ ಪಟ್ಟಿಯಲ್ಲಿ ಮಸಲ್ ಅಥವಾ ಸ್ಟ್ಯಾಟಿಕ್ ಎಂದಿರುವುದು ಇದೆಯಾ ಹುಡುಕಿ. ಜಿಕಾಂಪ್ಯಾಟ್ ಎಂಬ ಪ್ಯಾಕೇಜ್ ಹಾಕಿದರೆ ಕೆಲವು ಜಿಲಿಬ್‌ಸಿ ಬೈನರಿಗಳು ಆಲ್ಪೈನ್‌ನಲ್ಲೂ ಓಡುತ್ತವೆ. ಆದರೆ ಮುಂದಿನ ಹಂತದಲ್ಲಿ "ಎರರ್ ರಿಲೊಕೇಟಿಂಗ್... ಸಿಂಬಲ್ ನಾಟ್ ಫೌಂಡ್" ಬಂದರೆ ಆ ದಾರಿ ಅಲ್ಲಿಗೆ ಬಿಡಿ. ಆ ಟೂಲ್‌ಗೆ ಬೇಕಾದ ಫಂಕ್ಷನ್ ಮಸಲ್‌ನಲ್ಲಿ ಇಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ಟೂಲ್‌ಗೆ ಜಿಲಿಬ್‌ಸಿ ಬೇಕಿದ್ದರೆ ಡೆಬಿಯನ್ ಸ್ಲಿಮ್‌ಗೆ ಹೋಗಿ. ಆಲ್ಪೈನ್ 5 ಎಂಬಿ ಆಸುಪಾಸು, ಸ್ಲಿಮ್ ಕುಗ್ಗಿಸಿದಾಗ 30 ಎಂಬಿ ಆಸುಪಾಸು. ಆ ವ್ಯತ್ಯಾಸ ಉಳಿಸಲು ಹೊಂದದ ಲೈಬ್ರರಿಗಳ ಜೊತೆ ವರ್ಷಗಟ್ಟಲೆ ಗುದ್ದಾಡುವುದು ಲಾಭದ ಕೆಲಸವಲ್ಲ.

ಇದೇ ಎರರ್‌ಗೆ ಇನ್ನೂ ಎರಡು ಕಾರಣಗಳಿವೆ. ಶೆಲ್ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ /ಬಿನ್/ಬ್ಯಾಶ್ ಎಂದಿದ್ದು, ಇಮೇಜ್‌ನಲ್ಲಿ ಬ್ಯಾಶ್ ಇಲ್ಲದಿರುವುದು ಒಂದು. ಆಲ್ಪೈನ್‌ನಲ್ಲಿ ಇರುವುದು ಬಿಸಿಬಾಕ್ಸ್‌ನ ಆ್ಯಶ್ ಶೆಲ್. ಸ್ಕ್ರಿಪ್ಟ್ ಸರಳವಾಗಿದ್ದರೆ ಮೊದಲ ಸಾಲನ್ನು /ಬಿನ್/ಎಸ್‌ಎಚ್ ಮಾಡಿ, ಇಲ್ಲದಿದ್ದರೆ ಬ್ಯಾಶ್ ಸೇರಿಸಿ. ಇನ್ನೊಂದು, ವಿಂಡೋಸ್‌ನಲ್ಲಿ ಉಳಿಸಿದ ಸ್ಕ್ರಿಪ್ಟ್. ಸಾಲಿನ ಕೊನೆಗೆ ಒಂದು ಕಾಣದ ಅಕ್ಷರ ಸೇರಿರುತ್ತದೆ, ಕರ್ನಲ್ ಆ ಅಕ್ಷರವೂ ಸೇರಿದ ಹೆಸರಿನ ಶೆಲ್ ಹುಡುಕುತ್ತದೆ. ಗಿಟ್‌ನ ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಶೆಲ್ ಸ್ಕ್ರಿಪ್ಟ್‌ಗಳ ಸಾಲಿನ ಕೊನೆ ಎಲ್ಎಫ್ (ಲಿನಕ್ಸ್ ರೀತಿ) ಎಂದು ಬರೆದಿಟ್ಟರೆ ಇಡೀ ತಂಡಕ್ಕೆ ಈ ಕಾಟ ತಪ್ಪುತ್ತದೆ.

"ಎಕ್ಸೆಕ್ ಫಾರ್ಮ್ಯಾಟ್ ಎರರ್" ಬೇರೆ. ಅದು ಹೆಚ್ಚಾಗಿ ಪ್ರೊಸೆಸರ್ ಬೇರೆಯಾದಾಗ ಬರುತ್ತದೆ. ಆಪಲ್‌ನ ಎಂ ಸರಣಿಯ ಮ್ಯಾಕ್‌ನಲ್ಲಿ ಕಟ್ಟಿದ ಇಮೇಜ್ ಡಿಫಾಲ್ಟ್ ಆಗಿ ಆರ್ಮ್64. ಸರ್ವರ್ ಇಂಟೆಲ್ ಆಗಿದ್ದರೆ ಓಡುವುದಿಲ್ಲ. ಬಿಲ್ಡ್ ಮಾಡುವಾಗ ಪ್ಲಾಟ್‌ಫಾರ್ಮ್ ಹೇಳಿ. ಡಾಕರ್‌ಫೈಲ್ ಒಳಗೆ ಕರ್ಲ್‌ನಿಂದ ಬೈನರಿ ಇಳಿಸುವ ಸಾಲಿನಲ್ಲಿ ಎಎಂಡಿ64 ಎಂದು ಕೈಯಾರೆ ಬರೆದಿದ್ದೀರಾ ಎಂದೂ ನೋಡಿ. ಇಮೇಜ್ ಸರಿಯಾದ ಪ್ಲಾಟ್‌ಫಾರ್ಮ್‌ಗೆ ಆಗಿದ್ದು, ಒಳಗಿನ ಒಂದೇ ಟೂಲ್ ಬೇರೆ ಜಾತಿಯದ್ದಾಗಿರುವುದು ಹೀಗೆಯೇ.

ಬಿಲ್ಡರ್ ಹಂತದಿಂದ ಕಾಪಿ ಮಾಡಿದ ಟೂಲ್

ಮಲ್ಟಿ-ಸ್ಟೇಜ್ ಬಿಲ್ಡ್ 2017 ರಲ್ಲಿ ಡಾಕರ್ 17.05 ಜೊತೆ ಬಂತು. ಒಂದು ಹಂತದಲ್ಲಿ ಕಟ್ಟಿ, ಕೊನೆಯ ಸಣ್ಣ ಇಮೇಜ್‌ಗೆ ಬೇಕಾದಷ್ಟನ್ನೇ ಕಾಪಿ ಮಾಡುವ ಈ ಕ್ರಮವೇ ಒಳ್ಳೆಯದು. ತೊಂದರೆ ಬರುವುದು ಟೂಲ್ ಒಂದನ್ನೇ ಕಾಪಿ ಮಾಡಿ ಅದರ ಲೈಬ್ರರಿ ಬಿಟ್ಟಾಗ. "ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಪಿಕ್ಯೂ" ಎಂದರೆ ಪೋಸ್ಟ್‌ಗ್ರೆಸ್‌ನ ಕ್ಲೈಂಟ್ ಲೈಬ್ರರಿ ಇಲ್ಲ. ಕೊನೆಯ ಹಂತದಲ್ಲಿ ಆ ಲೈಬ್ರರಿಯ ರನ್‌ಟೈಮ್ ಪ್ಯಾಕೇಜ್ ಹಾಕಿ. ಹೆಸರಿನ ಕೊನೆಗೆ ಡೆವ್ ಎಂದಿರುವ ಪ್ಯಾಕೇಜ್ ಕಟ್ಟುವಾಗ ಮಾತ್ರ ಬೇಕು.

"ಜಿಲಿಬ್‌ಸಿ 2.34 ನಾಟ್ ಫೌಂಡ್" ಎಂಬ ರೀತಿಯ ಎರರ್ ಬಂದರೆ ಬಿಲ್ಡರ್ ಹೊಸದು, ಕೊನೆಯ ಇಮೇಜ್ ಹಳೆಯದು. ಡೆಬಿಯನ್ 12 ರಲ್ಲಿ ಜಿಲಿಬ್‌ಸಿ 2.36, ಡೆಬಿಯನ್ 11 ರಲ್ಲಿ 2.31. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ತಿರುಗಾ ಮುರುಗಾ ಆದರೆ ಖಾತ್ರಿ ಇಲ್ಲ. ಏನೂ ಬದಲಿಸದೆ ಒಂದು ದಿನ ಇದ್ದಕ್ಕಿದ್ದಂತೆ ಈ ಎರರ್ ಬಂದರೆ ಟ್ಯಾಗ್ ನೋಡಿ. ಸುಮ್ನೆ ಸ್ಲಿಮ್ ಎಂದು ಬರೆದ ಟ್ಯಾಗ್ ಹೊಸ ಡೆಬಿಯನ್ ಬಂದಾಗ ಅದಕ್ಕೆ ಜಾರುತ್ತದೆ. ಎರಡೂ ಹಂತಕ್ಕೆ ಬುಕ್‌ವರ್ಮ್ (ಡೆಬಿಯನ್ 12) ಎಂದೋ ಬುಲ್ಸ್‌ಐ (ಡೆಬಿಯನ್ 11) ಎಂದೋ ಹೆಸರು ಹಿಡಿದು ಬರೆಯಿರಿ.

ಪೈಥಾನ್‌ನವರಿಗೆ ಒಂದು ಮಾತು. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಸಲೀಸಾಗಿ ಇಳಿಸುವ ಮೆನಿಲಿನಕ್ಸ್ ವೀಲ್‌ಗಳು (ಮೊದಲೇ ಕಟ್ಟಿಟ್ಟ ಪ್ಯಾಕೇಜ್‌ಗಳು) ಜಿಲಿಬ್‌ಸಿಗಾಗಿ ಇರುವವು. ಆಲ್ಪೈನ್‌ಗೆ ಮಸಲ್‌ಲಿನಕ್ಸ್ ವೀಲ್ ಬೇಕು, ಆ ಮಾನದಂಡ ಬಂದದ್ದೇ 2021 ರಲ್ಲಿ. ವೀಲ್ ಇಲ್ಲದಿದ್ದರೆ ಪಿಪ್ ಸೋರ್ಸ್‌ನಿಂದ ಕಟ್ಟಲು ಹೋಗುತ್ತದೆ, ಜಿಸಿಸಿ ಎಂಬ ಕಂಪೈಲರ್ ಇಲ್ಲ ಎಂದು ನಿಲ್ಲುತ್ತದೆ. "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಬಂದರೆ ಕಾರಣ ಬೇರೆ. ಡೆಬಿಯನ್ 12, ಆಲ್ಪೈನ್ 3.19 ರಿಂದ ಸಿಸ್ಟಮ್ ಪೈಥಾನ್‌ಗೆ ಪಿಪ್ ನೇರವಾಗಿ ಕೈಹಾಕಲು ಬಿಡುವುದಿಲ್ಲ. ವರ್ಚುಯಲ್ ಎನ್ವಿರಾನ್‌ಮೆಂಟ್ ಮಾಡಿ.

ಟೂಲ್ ಓಡುತ್ತದೆ, ಕೆಲಸ ತಪ್ಪುತ್ತದೆ

ಆಲ್ಪೈನ್‌ನ ಗ್ರೆಪ್, ಡೇಟ್, ಪಿಎಸ್ ಎಲ್ಲವೂ ಬಿಸಿಬಾಕ್ಸ್ ಎಂಬ ಒಂದೇ ಪ್ರೋಗ್ರಾಮ್‌ನ ಭಾಗಗಳು. ಹೆಸರು ಒಂದೇ, ಆಪ್ಷನ್‌ಗಳು ಕಡಿಮೆ. ಗ್ರೆಪ್‌ಗೆ ದೊಡ್ಡ ಪಿ ಆಪ್ಷನ್ ಕೊಟ್ಟರೆ ಗೊತ್ತಿಲ್ಲ ಎನ್ನುತ್ತದೆ. ಡೇಟ್‌ಗೆ "ಒನ್ ಡೇ ಅಗೋ" ಎಂದರೆ ತಪ್ಪು ದಿನಾಂಕ ಎನ್ನುತ್ತದೆ. ಗ್ರೆಪ್, ಕೋರ್‌ಯುಟಿಲ್ಸ್, ಪ್ರಾಕ್‌ಪಿಎಸ್ ಎಂಬ ಹೆಸರಿನ ಪ್ಯಾಕೇಜ್ ಹಾಕಿದರೆ ಪೂರ್ತಿ ಆವೃತ್ತಿ ಬರುತ್ತದೆ.

ಡೆಬಿಯನ್ ಸ್ಲಿಮ್‌ನಲ್ಲಿ --ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಜೊತೆ ಕರ್ಲ್ ಹಾಕಿದರೆ ಎಚ್‌ಟಿಟಿಪಿ ನಡೆಯುತ್ತದೆ, ಎಚ್‌ಟಿಟಿಪಿಎಸ್ ನಡೆಯುವುದಿಲ್ಲ. ಕರ್ಲ್‌ನ ಲೈಬ್ರರಿ ಸಿಎ-ಸರ್ಟಿಫಿಕೇಟ್ಸ್ ಅನ್ನು ಶಿಫಾರಸು ಮಾಡುತ್ತದೆ ಅಷ್ಟೆ, ಕಡ್ಡಾಯ ಎನ್ನುವುದಿಲ್ಲ. ಆ ಪ್ಯಾಕೇಜ್ ಹೆಸರನ್ನು ಕೈಯಾರೆ ಸೇರಿಸಿ. ಕರ್ಲ್‌ಗೆ ಕೆ ಆಪ್ಷನ್ ಕೊಟ್ಟು ಪರಿಶೀಲನೆಯನ್ನೇ ಆಫ್ ಮಾಡುವುದು ಪರಿಹಾರವಲ್ಲ. ದಯವಿಟ್ಟು ಅದನ್ನು ಡಾಕರ್‌ಫೈಲ್‌ನಲ್ಲಿ ಬಿಡಬೇಡಿ.

ಲಾಗ್‌ನಲ್ಲಿ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಟೈಮ್‌ಝೋನ್ ಡೇಟಾ ಇಲ್ಲ. ಟಿಝಡ್ ವೇರಿಯಬಲ್‌ನಲ್ಲಿ ಏಷ್ಯಾ/ಕೋಲ್ಕತಾ ಎಂದು ಬರೆದರೂ ಆ ಹೆಸರಿನ ಫೈಲ್ ಇಲ್ಲದಿದ್ದರೆ ಹೆಚ್ಚಿನ ಟೂಲ್‌ಗಳು ಸದ್ದಿಲ್ಲದೆ ಯುಟಿಸಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಬಳಸುತ್ತವೆ. ಗೋ, ಪೈಥಾನ್ ಪ್ರೋಗ್ರಾಮ್‌ಗಳು ಝೋನ್ ಹೆಸರು ಹಿಡಿದು ಕೇಳಿದಾಗ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುತ್ತವೆ, ಅದು ವಾಸಿ. ಆಲ್ಪೈನ್, ಉಬುಂಟು ಎರಡಕ್ಕೂ ಟಿಝಡ್‌ಡೇಟಾ ಸೇರಿಸಬೇಕು. ಉಬುಂಟುವಿನಲ್ಲಿ ಅದು ನೀವು ಯಾವ ಖಂಡದವರು ಎಂದು ಪ್ರಶ್ನೆ ಕೇಳಿ ಕೂರುತ್ತದೆ, ಬಿಲ್ಡ್ ಮುಂದೆ ಹೋಗುವುದೇ ಇಲ್ಲ. ಆ ರನ್ ಸಾಲಿಗೆ ಡೆಬಿಯನ್ ಫ್ರಂಟ್‌ಎಂಡ್ ವೇರಿಯಬಲ್ ಅನ್ನು ನಾನ್‌ಇಂಟರ್‌ಆ್ಯಕ್ಟಿವ್ ಎಂದು ಕೊಡಿ.

ಕನ್ನಡ ಅಕ್ಷರ ಬಾಕ್ಸ್ ಆಗುತ್ತಿದೆ, ಒತ್ತಕ್ಷರ ಒಡೆಯುತ್ತಿದೆ

ಕನ್ನಡದಲ್ಲಿ ರಸೀದಿ, ಪ್ರಮಾಣಪತ್ರ, ವರದಿ ಮಾಡುವ ಆ್ಯಪ್‌ಗಳಿಗೆ ಇದು ಬಂದೇ ಬರುತ್ತದೆ. ಇಂಗ್ಲಿಷ್‌ನ ಟ್ರಬಲ್‌ಶೂಟಿಂಗ್ ಪುಟಗಳಲ್ಲಿ ಇದರ ಸುದ್ದಿ ಕಡಿಮೆ. ಎರಡು ಬೇರೆ ಬೇರೆ ದೋಷಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಕ್ರೋಮಿಯಂ ಸೇರಿಸಿ ಪಿಡಿಎಫ್ ಮಾಡುತ್ತಿದ್ದೀರಿ, ಕನ್ನಡ ಇರಬೇಕಾದ ಕಡೆ ಖಾಲಿ ಚೌಕಗಳು ಬರುತ್ತಿವೆ. ಇದು ಫಾಂಟ್ ಇಲ್ಲದ ದೋಷ. ಕಂಟೇನರ್ ಒಳಗೆ ಎಫ್‌ಸಿ-ಲಿಸ್ಟ್ ಕಮಾಂಡ್‌ಗೆ ಭಾಷೆ ಕೆಎನ್ ಎಂದು ಕೊಟ್ಟು ಓಡಿಸಿ. ಏನೂ ಬರದಿದ್ದರೆ ಕನ್ನಡದ ಒಂದು ಫಾಂಟ್ ಕೂಡ ಇಲ್ಲ. ಡೆಬಿಯನ್‌ನಲ್ಲಿ ಫಾಂಟ್ಸ್-ಕೆಎನ್‌ಡಿಎ ಎಂಬ ಪ್ಯಾಕೇಜ್ ಇದೆ. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಅದರ ಜೊತೆ ಬರುತ್ತವೆ. ನೋಟೋ ಬೇಕಿದ್ದರೆ ಫಾಂಟ್ಸ್-ನೋಟೋ-ಕೋರ್ ಹಾಕಿ, ಆದರೆ ಅದು ಜಗತ್ತಿನ ಬಹಳಷ್ಟು ಲಿಪಿಗಳನ್ನು ತರುವುದರಿಂದ ದೊಡ್ಡದು. ಆಲ್ಪೈನ್‌ನಲ್ಲಿ ಫಾಂಟ್-ನೋಟೋ-ಕನ್ನಡ ಸಾಕು. ನಿಮ್ಮ ಸಂಸ್ಥೆ ಬಳಸುವ ಫಾಂಟ್ ಬೇರೆ ಇದ್ದರೆ, ಹಂಚಲು ಅನುಮತಿ ಇರುವ ಟಿಟಿಎಫ್ ಫೈಲ್ ಒಂದನ್ನೇ ಇಮೇಜ್‌ನ ಫಾಂಟ್ಸ್ ಫೋಲ್ಡರ್‌ಗೆ ಕಾಪಿ ಮಾಡಿ ಎಫ್‌ಸಿ-ಕ್ಯಾಶ್ ಓಡಿಸಿ.

ಇನ್ನೊಂದು ದೋಷದಲ್ಲಿ ಚೌಕ ಇರುವುದಿಲ್ಲ. ಅಕ್ಷರ ಬರುತ್ತದೆ, ಜೋಡಣೆ ಕೆಟ್ಟಿರುತ್ತದೆ. "ಅಕ್ಕ" ಎಂದು ಬರೆದರೆ "ಅಕ್‌ಕ" ಆಗುತ್ತದೆ, ಗುಣಿತದ ಚಿಹ್ನೆಗಳು ಅಕ್ಷರದಿಂದ ದೂರ ಸರಿದು ನಿಲ್ಲುತ್ತವೆ. ಪೈಥಾನ್‌ನ ಪಿಲ್ಲೋ ಲೈಬ್ರರಿಯಿಂದ ಚಿತ್ರದ ಮೇಲೆ ಕನ್ನಡ ಬರೆಯುವವರು ಇದನ್ನು ಹೆಚ್ಚಾಗಿ ನೋಡುತ್ತಾರೆ. ಇಲ್ಲಿ ಎಷ್ಟು ಫಾಂಟ್ ಬದಲಿಸಿದರೂ ಪ್ರಯೋಜನವಿಲ್ಲ. ಕಾಗುಣಿತ, ಒತ್ತಕ್ಷರ ಜೋಡಿಸುವ ಕೆಲಸಕ್ಕೆ ಪಿಲ್ಲೋ ರಾಕ್ಮ್ ಎಂಬ ಲೈಬ್ರರಿ ಬಳಸುತ್ತದೆ. 8.2 ರಿಂದ ಪಿಲ್ಲೋ ವೀಲ್‌ಗಳ ಒಳಗೇ ರಾಕ್ಮ್ ಇದೆ. ಆದರೆ ಆ ರಾಕ್ಮ್ ಓಡುವ ಹೊತ್ತಿಗೆ ಸಿಸ್ಟಮ್‌ನಲ್ಲಿ ಫ್ರಿಬಿಡಿ ಎಂಬ ಲೈಬ್ರರಿ ಇದೆಯಾ ಎಂದು ಹುಡುಕುತ್ತದೆ. ಇಲ್ಲದಿದ್ದರೆ ಯಾವ ಎರರ್ ಕೂಡ ಕೊಡದೆ ಪಿಲ್ಲೋ ಸರಳ ಜೋಡಣೆಗೆ ಇಳಿಯುತ್ತದೆ. ಸರಳ ಜೋಡಣೆಗೆ ಇಂಗ್ಲಿಷ್ ಗೊತ್ತು, ಕನ್ನಡ ಗೊತ್ತಿಲ್ಲ.

ನಿಮ್ಮ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಫ್ರಿಬಿಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಲ್ಲಿ ಕನ್ನಡ ಚೆನ್ನಾಗಿ ಬಂದು, ಸ್ಲಿಮ್ ಇಮೇಜ್‌ನಲ್ಲಿ ಒಡೆಯಲು ಕಾರಣ ಇಷ್ಟೇ. ಪಿಲ್ಲೋದ ಫೀಚರ್ಸ್ ಮಾಡ್ಯೂಲ್‌ನ ಚೆಕ್ ಫಂಕ್ಷನ್‌ಗೆ ರಾಕ್ಮ್ ಎಂದು ಕೊಟ್ಟು ನೋಡಿ. ಫಾಲ್ಸ್ ಬಂದರೆ ಡೆಬಿಯನ್‌ನಲ್ಲಿ ಲಿಬ್‌ಫ್ರಿಬಿಡಿ0, ಆಲ್ಪೈನ್‌ನಲ್ಲಿ ಫ್ರಿಬಿಡಿ ಹಾಕಿ. ತೀರಾ ಚಿಕ್ಕ ಪ್ಯಾಕೇಜ್, ಒಂದೇ ಸಾಲು. ಈ ಚೆಕ್ ಅನ್ನು ಬಿಲ್ಡ್‌ನ ಟೆಸ್ಟ್‌ನಲ್ಲಿ ಶಾಶ್ವತವಾಗಿ ಇಡಿ. ಯಾಕೆಂದರೆ ಇಲ್ಲಿ ಎರರ್ ಬರುವುದಿಲ್ಲ, ಲಾಗ್‌ನಲ್ಲೂ ಏನೂ ಕಾಣುವುದಿಲ್ಲ. ಮೊದಲು ಕಾಣುವುದು ಆ ಕಾಗದ ಕೈಗೆ ಬಂದ ಓದುಗರಿಗೆ.

ಪರ್ಮಿಷನ್

ಪ್ಯಾಕೇಜ್ ಹಾಕುವಾಗ ಡೇಟಾಬೇಸ್ ಲಾಕ್ ಮಾಡಲಾಗದು, ಪರ್ಮಿಷನ್ ಡಿನೈಡ್ ಎಂದರೆ ಬೇಸ್ ಇಮೇಜ್ ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಅಲ್ಲದ ಯೂಸರ್‌ಗೆ ಇಳಿದಿದೆ. ಡಾಕರ್‌ಫೈಲ್‌ನಲ್ಲಿ ಯೂಸರ್ ರೂಟ್ ಎಂದು ಬರೆದು, ಟೂಲ್ ಹಾಕಿ, ಮತ್ತೆ ಹಳೆಯ ಯೂಸರ್‌ಗೆ ಬನ್ನಿ. ಆ ಕೊನೆಯ ಸಾಲು ಮರೆಯಬೇಡಿ.

ಡೆಬಿಯನ್ ಸ್ಲಿಮ್‌ನ ಹಳೆಯ ಆವೃತ್ತಿಗಳಲ್ಲಿ ಜಾವಾ ಹಾಕುವಾಗ ಮ್ಯಾನ್1 ಫೋಲ್ಡರ್‌ನಲ್ಲಿ ಲಿಂಕ್ ಮಾಡಲು ಆಗಲಿಲ್ಲ ಎಂಬ ಎರರ್ ಬರುವುದಿದೆ. ಅದಕ್ಕೂ ಪರ್ಮಿಷನ್‌ಗೂ ಸಂಬಂಧವಿಲ್ಲ. ಸ್ಲಿಮ್ ಮಾಡುವಾಗ ಮ್ಯಾನ್ ಪುಟಗಳ ಫೋಲ್ಡರ್‌ಗಳನ್ನೇ ತೆಗೆದಿದ್ದಾರೆ. ಆ ಫೋಲ್ಡರ್ ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡಿ.

ಇಮೇಜ್ ಊದಿಕೊಂಡಿದೆ

ಟೂಲ್ ಅಳಿಸಿದರೂ ಗಾತ್ರ ಇಳಿಯದಿದ್ದರೆ ಅಳಿಸಿದ್ದು ಬೇರೆ ರನ್ ಸಾಲಿನಲ್ಲಿ. ಕೆಳಗಿನ ಲೇಯರ್‌ನಲ್ಲಿ ಸೇರಿದ ಫೈಲ್ ಮೇಲಿನ ಲೇಯರ್‌ನಲ್ಲಿ ಅಳಿಸಿದರೆ ಮರೆಯಾಗುತ್ತದೆ, ಹೋಗುವುದಿಲ್ಲ. ಡಾಕರ್ ಹಿಸ್ಟರಿ ಓಡಿಸಿದರೆ ಯಾವ ಸಾಲು ಎಷ್ಟು ತೂಕ ಎಂದು ಗೊತ್ತಾಗುತ್ತದೆ. ಆಲ್ಪೈನ್‌ನಲ್ಲಿ ಕಟ್ಟುವ ಟೂಲ್‌ಗಳನ್ನು --ವರ್ಚುಯಲ್ ಕೊಟ್ಟು ಒಂದು ಹೆಸರಿನಡಿ ಹಾಕಿ, ಕೆಲಸ ಮುಗಿದ ಮೇಲೆ ಅದೇ ರನ್ ಸಾಲಿನಲ್ಲಿ ಆ ಹೆಸರು ಹಿಡಿದು ತೆಗೆಯಿರಿ. ಡೆಬಿಯನ್‌ನಲ್ಲಿ ಎಪಿಟಿ ಪಟ್ಟಿಗಳನ್ನೂ ಅದೇ ಸಾಲಿನಲ್ಲಿ ಅಳಿಸಿ.

ಶೆಲ್ಲೇ ಇಲ್ಲದ ಇಮೇಜ್

ಡಿಸ್ಟ್ರೋಲೆಸ್‌ನಲ್ಲಿ ರನ್ ಸಾಲು ಬರೆದರೆ /ಬಿನ್/ಎಸ್‌ಎಚ್ ಇಲ್ಲ ಎಂದು ನಿಲ್ಲುತ್ತದೆ. ಅಲ್ಲಿ ಶೆಲ್ ಇಲ್ಲ, ಪ್ಯಾಕೇಜ್ ಮ್ಯಾನೇಜರ್ ಇಲ್ಲ. ಸೇರಿಸುವುದಿದ್ದರೆ ಬೇರೆ ಹಂತದಿಂದ ಕಾಪಿ ಮಾಡಬೇಕು, ಅದೂ ಆ್ಯಪ್ ಓಡಲು ಬೇಕಾದದ್ದನ್ನು ಮಾತ್ರ. ತನಿಖೆಗೆ ಬೇಕಾದ ಕರ್ಲ್, ಡಿಗ್, ಟಿಸಿಪಿಡಂಪ್‌ಗಳನ್ನು ಪ್ರೊಡಕ್ಷನ್ ಇಮೇಜ್‌ಗೆ ತುಂಬುವುದನ್ನು ನಾನು ಒಪ್ಪುವುದಿಲ್ಲ. ಒಳಗೆ ನುಗ್ಗಿದವರ ಕೈಗೂ ಅವೇ ಸಿಗುತ್ತವೆ.

ಅವುಗಳನ್ನು ಹೊರಗಿನಿಂದ ತನ್ನಿ. ಡಾಕರ್‌ನಲ್ಲಾದರೆ ಟೂಲ್ ತುಂಬಿದ ಇನ್ನೊಂದು ಕಂಟೇನರ್ ಅನ್ನು ನಿಮ್ಮ ಆ್ಯಪ್‌ನ ನೆಟ್‌ವರ್ಕ್ ಮತ್ತು ಪಿಐಡಿ ನೇಮ್‌ಸ್ಪೇಸ್‌ಗೆ (ಅದರ ನೆಟ್‌ವರ್ಕ್, ಪ್ರೊಸೆಸ್‌ಗಳು ಕಾಣುವ ವಲಯಕ್ಕೆ) ಸೇರಿಸಿ ಓಡಿಸಬಹುದು. ನೆಟ್‌ಶೂಟ್ ಎಂಬ ಇಮೇಜ್ ಇದಕ್ಕೆಂದೇ ಇದೆ. ಡಿಸ್ಟ್ರೋಲೆಸ್‌ನಲ್ಲಿ ಡೀಬಗ್ ಎಂಬ ಟ್ಯಾಗ್ ಇದೆ, ಅದರಲ್ಲಿ ಬಿಸಿಬಾಕ್ಸ್ ಶೆಲ್ ಸಿಗುತ್ತದೆ. ಟೆಸ್ಟ್ ಮಾಡಲು ಅದು ಸಾಕು.

ಅನೇಕ ಸರ್ವರ್‌ಗಳಲ್ಲಿ ಕಂಟೇನರ್ ಓಡಿಸುವ ಕುಬರ್ನೆಟಿಸ್‌ನಲ್ಲಿ ಎಫೆಮರಲ್ ಕಂಟೇನರ್ (ಓಡುತ್ತಿರುವ ಪಾಡ್‌ಗೆ, ಅಂದರೆ ಕಂಟೇನರ್‌ಗಳ ಗುಂಪಿಗೆ, ತನಿಖೆಗಾಗಿ ಸೇರಿಸುವ ಕಂಟೇನರ್) 1.25 ರಿಂದ ಸ್ಟೇಬಲ್ ಆಗಿದೆ. ಕ್ಯೂಬ್‌ಸಿಟಿಎಲ್ ಡೀಬಗ್ ಕಮಾಂಡ್‌ಗೆ --ಟಾರ್ಗೆಟ್ ಕೊಟ್ಟು ಆ್ಯಪ್‌ನ ಕಂಟೇನರ್ ಹೆಸರು ಹೇಳಿ. ಟಾರ್ಗೆಟ್ ಹೇಳದಿದ್ದರೆ ಸಾಮಾನ್ಯವಾಗಿ ಆ್ಯಪ್‌ನ ಪ್ರೊಸೆಸ್ ಕಾಣುವುದಿಲ್ಲ. ಒಳಗೆ ಹೋದ ಮೇಲೆ ಎಲ್ಎಸ್ ಹಾಕಿದರೆ ಡೀಬಗ್ ಇಮೇಜ್‌ನ ಫೈಲ್‌ಗಳು ಕಾಣುತ್ತವೆ, ಆ್ಯಪ್‌ನವು ಕಾಣುವುದಿಲ್ಲ. ಆ್ಯಪ್‌ನ ಫೈಲ್‌ಗಳು /ಪ್ರಾಕ್/1/ರೂಟ್ ಕೆಳಗೆ ಇರುತ್ತವೆ. ಅಲ್ಲೂ ಪರ್ಮಿಷನ್ ಡಿನೈಡ್ ಬಂದರೆ ಆ್ಯಪ್ ಓಡುತ್ತಿರುವ ಯೂಸರ್ ಐಡಿಯಲ್ಲೇ ಡೀಬಗ್ ಕಂಟೇನರ್ ಓಡುತ್ತಿದೆಯಾ ನೋಡಿ. ಒಮ್ಮೆ ಸೇರಿಸಿದ ಎಫೆಮರಲ್ ಕಂಟೇನರ್ ಅನ್ನು ಆ ಪಾಡ್‌ನಿಂದ ತೆಗೆಯಲು ಬರುವುದಿಲ್ಲ. ತನಿಖೆ ಮುಗಿದ ಮೇಲೆ ಪಾಡ್ ಅಳಿಸಿ, ಡಿಪ್ಲಾಯ್‌ಮೆಂಟ್ ಹೊಸದನ್ನು ತರಲಿ.